ಕತ್ತರಿಯ ಒಳಮೈ

ಸಾಣೆಯವಳ ಸೈಕಲ್ ಸಂತೆ ಬೀದಿಯ ಆ ಮೂಲೆಯಲ್ಲಿ ಮೂವತ್ತು ವರ್ಷದಿಂದ ನಿಂತಿತ್ತು. ನಿಂತಿತ್ತು ಅಂದರೆ ನಿಂತೇ ಇತ್ತು. ಮೊದಲು ಮಾವ, ಆಮೇಲೆ ಗಂಡ, ಈಗ ನಾಲ್ಕು ವರ್ಷದಿಂದ ಅವಳು. ಬೆಳಗ್ಗೆ ಮನೆಯಿಂದ ತಳ್ಳಿಕೊಂಡು ಬರುವುದು, ಜೋಡಿ ಸ್ಟ್ಯಾಂಡ್ ಹಾಕುವುದು, ಸೀಟಿನ ಮೇಲೆ ಕೂತು ತುಳಿಯುವುದು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಚಕ್ರದಿಂದ ಒಂದು ಬೆಲ್ಟು, ಬೆಲ್ಟಿನ ಆ ತುದಿಗೆ, ಹ್ಯಾಂಡಲ್ ಮುಂದೆ, ಸಾಣೆಕಲ್ಲು. ದಿನಕ್ಕೆ ಎಂಟು ಗಂಟೆ ತುಳಿದರೂ ಒಂದು ಗೇಣು ಮುಂದೆ ಹೋಗದ ಸೈಕಲ್ಲು ಅದು. ಅಂಥ ಸೈಕಲ್ಲಿನ ಮೇಲೆ ಎದುರು ದಿಕ್ಕಿನಲ್ಲಿ ಓಡಿತು ಅಂತ ಕೇಸು ಹಾಕಿದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹಾಕಿದ್ದು ನಿಜ.

ಊರಿಗೆ ಆಗ ಹೊಸ ನಿಯಮ ಬಂದಿತ್ತು. 'ಒಂದೇ ರಸ್ತೆ, ಒಂದೇ ಕಾನೂನು' ಅಂತ ಸರ್ಕಲ್ ಸರ್ಕಲ್ಲಿಗೂ ಬೋರ್ಡು. ಕಾರಿಗೆ ಯಾವ ದಂಡವೋ ಸೈಕಲ್ಲಿಗೂ ಅದೇ ದಂಡ. ಮೂರು ತಪ್ಪು ಸೇರಿದರೆ ಲೈಸೆನ್ಸ್ ಮೂರು ತಿಂಗಳು ಅಮಾನತು. ಸೈಕಲ್ಲಿನವರಿಗೆ ಲೈಸೆನ್ಸ್ ಎಲ್ಲಿಂದ ಬರಬೇಕು? ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದರು ಮಹಾನುಭಾವರು. ಲೈಸೆನ್ಸ್ ಇಲ್ಲದವರ ಸೈಕಲ್ಲನ್ನೇ ಅಮಾನತು ಮಾಡುವುದು. ಕಾರಿನವನ ಒಂದು ಕಾರ್ಡು ಹೋಗುತ್ತದೆ, ಮಾರನೇ ದಿನ ಡ್ರೈವರ್ ಇಟ್ಟುಕೊಂಡು ಹಿಂದಿನ ಸೀಟಲ್ಲಿ ಕೂತು ಹೋಗುತ್ತಾನೆ. ಸೈಕಲ್ಲಿನವನ ಕಾಲೇ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಎದುರಂಗಡಿಯ ದರ್ಜಿಗೆ ಮಾತ್ರ ಈ ನಿಯಮ ಮೊದಲು ಸರಿ ಅನ್ನಿಸಿತ್ತು. ಒಂದು ದಿನ ಸಿಗ್ನಲ್ ಹಾರಿ ಬಂದ ಸೈಕಲ್ಲೊಂದು ಅವನಿಗೆ ಗುದ್ದಿತ್ತು. ತಪ್ಪು ಮಾಡಿದವರಿಗೆಲ್ಲ ಒಂದೇ ದಂಡ ಇರಲಿ ಬಿಡಕ್ಕ ಅಂತ ಅವನ ವಾದ. ಸಾಣೆಯವಳು ಕಾಲು ನಿಲ್ಲಿಸದೆ ಹೇಳಿದಳು: "ಸಿಗ್ನಲ್ ಹಾರಿದೋನಿಗೆ ಹಾಕ್ಲಿ, ಬೇಡ ಅಂದೋರು ಯಾರು? ಆದ್ರೆ ಸೈಕಲ್ ಗುದ್ದಿದಾಗ ನೀನು ಪ್ಯಾಂಟು ಕೊಡವಿಕೊಂಡು ಎದ್ದೆ. ನಮ್ಮೆಜಮಾನ್ರು ಇನ್ನೂ ಎದ್ದಿಲ್ಲ." ದರ್ಜಿ ತಲೆ ತಗ್ಗಿಸಿ ಕಾಜಾ ಹೊಲಿಯತೊಡಗಿದ.

ಅವಳ ಗಂಡ ಇದೇ ಸೈಕಲ್ಲು ತಳ್ಳಿಕೊಂಡು ದೊಡ್ಡ ಸರ್ಕಲ್ ದಾಟುವಾಗ ಸಿಗ್ನಲ್ ಹಾರಿದ ಕಾರೊಂದು ಗುದ್ದಿತ್ತು. ಸೊಂಟ ನಾಲ್ಕು ಚೂರು. ಸಂಚಾರ ಠಾಣೆಯ ಸಾಹೇಬ ಬಂದು ಕಾರಿನವನಿಗೆ ಒಂದು ಚೀಟಿ ಬರೆದ. ಸಿಗ್ನಲ್ ಹಾರಿದ್ದು, ಒಂದು ತಪ್ಪು. ಅಷ್ಟೇ. ಸೊಂಟದ ಸುದ್ದಿ ಚೀಟಿಯಲ್ಲಿ ಇರಲಿಲ್ಲ. ಕಾರಿನವನು ಕಿಟಕಿಯಿಂದ ಕೈ ಚಾಚಿ ಚೀಟಿ ತಗೊಂಡ, ಗಾಜು ಏರಿಸಿದ, ಹೋದ. ಅವನ ಮುಖ ಅವಳಿಗೆ ನೆನಪಿಲ್ಲ. ಬರೆದವನ ಮುಖ ನೆನಪಿದೆ.

ಆಮೇಲೆ ಸೀಟು ಹತ್ತಿದವಳು ಅವಳು. ಕೆಲಸ ಕಲಿಸಿದ್ದು ಗಂಡ, ಮಂಚದ ಮೇಲೆ ಮಲಗಿಕೊಂಡೇ. ಚಾಕು ಹೇಗೆ ಓರೆ ಹಿಡಿಯಬೇಕು, ಕಿಡಿ ಯಾವ ಕಡೆ ಹಾರಿದರೆ ಸರಿ, ಕಲ್ಲಿನ ಸದ್ದು ಯಾವಾಗ ಬದಲಾಗುತ್ತದೆ, ಎಲ್ಲ ಬಾಯಲ್ಲೇ. ಮೊದಲ ತಿಂಗಳು ತೊಡೆ ಉರಿದು ರಾತ್ರಿ ಕಾಲು ಮಡಚಲು ಆಗುತ್ತಿರಲಿಲ್ಲ. ಮುಂಗೈ ತುಂಬ ಕಿಡಿ ಬಿದ್ದ ಕಪ್ಪು ಚುಕ್ಕೆ. ಎಲ್ಲಕ್ಕಿಂತ ಮೊದಲು ಗಂಡ ಹೇಳಿದ ಪಾಠ ಒಂದೇ. ಕತ್ತರಿಯ ಅಲಗನ್ನು ಹೊರಗಡೆಯಿಂದ ಮಾತ್ರ ಹಿಡಿ. ಒಳಮೈಗೆ ಕಲ್ಲು ತಾಗಿಸಬೇಡ. ಎರಡು ಅಲಗೂ ಒಂದಕ್ಕೊಂದು ತಾಗಿಕೊಂಡು ಜಾರುವುದು ಆ ಒಳಮೈಯಿಂದ. ಅಲ್ಲಿ ಕಲ್ಲು ಮುಟ್ಟಿತೋ, ಕತ್ತರಿ ನೋಡಲು ಕನ್ನಡಿ ಹಾಗಿರುತ್ತದೆ, ಕಾಗದವನ್ನೂ ಕತ್ತರಿಸುತ್ತದೆ, ಬಟ್ಟೆ ಕೊಟ್ಟರೆ ಮಾತ್ರ ಮಡಚಿಕೊಂಡು ಬಾಯಲ್ಲಿ ಇಟ್ಟುಕೊಳ್ಳುತ್ತದೆ. "ಒಳಮೈ ಮುಟ್ಟಿದೋನು ಸಾಣೆಯವನಲ್ಲ, ಕಳ್ಳ. ನಮ್ಮಪ್ಪ ಮುಟ್ಟಿಲ್ಲ, ನಾನು ಮುಟ್ಟಿಲ್ಲ," ಅಂದಿದ್ದ. ಅವಳೂ ಮುಟ್ಟಿರಲಿಲ್ಲ.

ಆ ದಿನ ಅವಳ ಕೈಯಲ್ಲಿ ಮಾಂಸದಂಗಡಿಯ ದೊಡ್ಡ ಕತ್ತಿ ಇತ್ತು. ಅದೇ ಸಾಹೇಬ ಜೀಪು ನಿಲ್ಲಿಸಿ ಇಳಿದ. ಹಿಂದೆ ಮುದಿ ಪೇದೆ, ಚೀಟಿ ಪುಸ್ತಕ ಹಿಡಿದು. ಸಾಹೇಬ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಇದು ಒನ್‌ವೇ, ನಿನ್ನ ಸೈಕಲ್ ಮುಖ ಆ ಕಡೆಗಿದೆ ಅಂದ. ಅವಳಿಗೆ ಮೊದಲು ತಮಾಷೆ ಅನ್ನಿಸಿತು. ಇದು ಓಡಲ್ಲ ಸಾಹೇಬ್ರೇ, ಸ್ಟ್ಯಾಂಡ್ ಹಾಕಿದೆ, ನೋಡಿ ಅಂದಳು.

"ಕಾಲು ತುಳೀತಿದೆ, ಚಕ್ರ ತಿರುಗ್ತಿದೆ. ತುಳಿದ್ರೆ ಸವಾರಿ. ಬರ್ಕೋಳಯ್ಯ."

ಪೇದೆ ಬರೆದ. ಎದುರು ದಿಕ್ಕಿನ ಸವಾರಿ, ಒಂದು. ತಲೆಗೆ ಹೆಲ್ಮೆಟ್ ಇಲ್ಲ, ಎರಡು. ಸಾಹೇಬ ಅವಳ ಕೈ ನೋಡಿದ. ಎರಡೂ ಕೈ ಕತ್ತಿಯ ಮೇಲಿತ್ತು. "ಹ್ಯಾಂಡಲ್ ಬಿಟ್ಟು ಓಡಿಸ್ತಿದಾಳೆ, ಮೂರು," ಅಂದ. ಸುತ್ತ ನಿಂತವರು ನಕ್ಕರು. ನಕ್ಕವರಲ್ಲಿ ಅವಳ ಹತ್ತಿರ ಚಾಕು ಮಸೆಸಿಕೊಂಡವರೂ ಇದ್ದರು. ಆ ನಗು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳು ಸೀಟಿನಿಂದ ಇಳಿಯಲಿಲ್ಲ. ಹಿಂದೆ ನಿಂತಿದ್ದ ಠಾಣೆಯ ಲಾರಿಯಿಂದ ಇಬ್ಬರು ಬಂದು ರಟ್ಟೆ ಹಿಡಿದು ಇಳಿಸಿದರು. ಸೈಕಲ್ಲನ್ನು ಕಲ್ಲು ಸಮೇತ ಎತ್ತಿ ಲಾರಿಗೆ ಎಸೆದರು. ಬೆಲ್ಟು ಕಳಚಿ ನೆಲದ ಮೇಲೆ ಬಿತ್ತು. ಅದನ್ನು ಎತ್ತಿಕೊಂಡು ಸೊಂಟಕ್ಕೆ ಸುತ್ತಿಕೊಂಡಳು.

ದಂಡ ಕಟ್ಟಲಾಗದವರು ಒಂದು ದಿನ ಸರ್ಕಲ್ಲಿನಲ್ಲಿ ಬೋರ್ಡು ಹಿಡಿದು ನಿಲ್ಲಬೇಕು. ಅದೂ ಎಲ್ಲರಿಗೂ ಒಂದೇ ಕಾನೂನು, ಆದರೆ ಕಾರಿನವನೊಬ್ಬನೂ ಅಲ್ಲಿ ನಿಂತಿದ್ದನ್ನು ಯಾರೂ ಕಂಡಿಲ್ಲ. 'ನಾನು ಸಂಚಾರ ನಿಯಮ ಮುರಿದಿದ್ದೇನೆ, ನನ್ನಿಂದ ಪಾಠ ಕಲಿಯಿರಿ.' ಅವಳೂ ನಿಂತಳು. ಬೋರ್ಡಿನಲ್ಲಿ ಏನಿದೆ ಅಂತ ಓದಲು ಬರುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಹಾಲಿನವನು ಓದಿ ಹೇಳಿದ. ಅವನ ಸೈಕಲ್ಲೂ ಹೋಗಿತ್ತು, ಮನೆ ಮನೆಗೆ ಹಾಲು ಹಾಕಲು ಗೇಟಿನ ಮುಂದೆ ನಿಲ್ಲಿಸಿದ್ದಕ್ಕೆ. ಗಂಡನ ಸೊಂಟ ಮುರಿದ ಅದೇ ಸರ್ಕಲ್ಲು. ಹತ್ತು ಗಂಟೆಯಿಂದ ನಾಲ್ಕು ಗಂಟೆ. ತುಳಿಯುವ ಕಾಲಿಗೆ ನಿಲ್ಲುವುದು ಗೊತ್ತಿಲ್ಲ, ಮೀನಖಂಡ ಗಂಟು ಕಟ್ಟಿಕೊಂಡಿತು. ಬಾಯಾರಿದರೆ ನೀರಿಲ್ಲ. ಬೋರ್ಡು ಕೆಳಗಿಳಿಸಿದರೆ ಪೇದೆ ಲಾಠಿಯಿಂದ ಎತ್ತಿ ನಿಲ್ಲಿಸುತ್ತಿದ್ದ. ಯಾರೋ ಕಾರು ನಿಧಾನ ಮಾಡಿ ಫೋಟೋ ತೆಗೆದುಕೊಂಡರು.

ಮಧ್ಯಾಹ್ನ ಅವಳ ಕಣ್ಣೆದುರಿಗೇ ಬಿಳಿ ಕಾರೊಂದು ಕೆಂಪು ದೀಪ ದಾಟಿ ಹಾರಿ ಹೋಯಿತು. ಕಂಬದ ಮೇಲಿನ ಕ್ಯಾಮೆರಾ ಒಂದು ಸಲ ಮಿನುಗಿತು. ಇನ್ನು ಚೀಟಿ ಅವನ ಫೋನಿಗೆ ಹೋಗುತ್ತದೆ, ಮನಸ್ಸಾದರೆ ಕಟ್ಟುತ್ತಾನೆ ಅಂತ ಹಾಲಿನವನು ವಿವರಿಸಿದ. ಕಾರು ನಿಲ್ಲಲೇ ಇಲ್ಲ. ಅವನದು ಒಂದು ತಪ್ಪು, ಅವಳದು ಮೂರು. ಅವಳ ಸಿಟ್ಟು ಹೊತ್ತಿಕೊಂಡದ್ದು ಆಗ. ಅದು ಆಮೇಲೆ ಆರಲಿಲ್ಲ.

ಮನೆಯಲ್ಲಿ ಕೈಸಾಣೆಯೊಂದಿತ್ತು, ಅಂಗೈ ಅಗಲದ್ದು. ಹೊಸ್ತಿಲ ಮೇಲೆ ಕೂತು ಅದರಲ್ಲೇ ಉಜ್ಜಿದಳು. ಸೈಕಲ್ಲಿನ ಮೇಲೆ ಐದು ನಿಮಿಷದ ಕೆಲಸಕ್ಕೆ ಇಲ್ಲಿ ಒಂದು ಗಂಟೆ. ಬೆರಳ ತುದಿ ಸವೆದು ರಕ್ತ ಜಿನುಗಿತು. ಊರಲ್ಲಿದ್ದ ಇನ್ನಿಬ್ಬರು ಸಾಣೆಯವರ ಸೈಕಲ್ಲೂ ಠಾಣೆಯ ಹಿತ್ತಲು ಸೇರಿದ್ದವು. ಎರಡು ವಾರದಲ್ಲಿ ಸಂತೆ ಬೀದಿಯ ಕತ್ತಿ ಚಾಕುಗಳೆಲ್ಲ ಮೊಂಡಾದವು. ಮಾಂಸದಂಗಡಿಯವನು ಕಡಿಯುವ ಬದಲು ಜಜ್ಜುತ್ತಿದ್ದ. ಅಂದು ನಕ್ಕವರೇ ಈಗ ಸಾಣೆಕ್ಕ, ಸಾಣೆಕ್ಕ ಅಂತ ಮನೆ ಬಾಗಿಲಿಗೆ ಬಂದರು. ನಗೋಕೆ ಹಲ್ಲಿದೆಯಲ್ಲ, ಅದರಲ್ಲೇ ಕತ್ತರಿಸಿಕೊಳ್ಳಿ ಅಂತ ಕಳಿಸಿದಳು.

ಒಂದು ಸಂಜೆ ಹಾಲಿನವನು ಸುದ್ದಿ ತಂದ. ಠಾಣೆಯ ಹಿಂದೆ ಹೊಸ ಕಟ್ಟಡ ಎದ್ದಿದೆ. ಶುಕ್ರವಾರ ಅದರ ಉದ್ಘಾಟನೆ. ಹಿತ್ತಲಲ್ಲಿ ಜಾಗ ಸಾಲದು, ಶನಿವಾರ ಗುಜರಿ ಲಾರಿ ಬರುತ್ತದೆ. ಮೂರು ತಿಂಗಳೂ ಇಲ್ಲ, ಆರು ತಿಂಗಳೂ ಇಲ್ಲ, ಸೈಕಲ್ಲೆಲ್ಲ ತೂಕಕ್ಕೆ. ಕಲ್ಲು ಬೇರೆ ಮಾಡಿ ಕೊಡುತ್ತಾರಾ ಅಂತ ಅವಳು ಕೇಳಿದಳು. ಕಲ್ಲನ್ನು ಒಡೆದು ಎಸೆಯುತ್ತಾರೆ, ಕಲ್ಲಿಗೆ ತೂಕ ಕೊಡೋರು ಯಾರು ಅಂದ ಅವನು. ಅದು ಮಾವ ತಂದ ಕಲ್ಲು. ತಂದಾಗ ತಟ್ಟೆಯಷ್ಟಿತ್ತು, ಮೂರು ಜನರ ಕಾಲಿನಲ್ಲಿ ಸವೆದು ಈಗ ಬಟ್ಟಲಷ್ಟಾಗಿದೆ.

ಅವಳು ಠಾಣೆಗೆ ಬೆಂಕಿ ಇಡುವ ಮಾತಾಡಿದಳು. ಗಂಡ ಮಂಚದಿಂದಲೇ, "ಬಡವನ ಸಿಟ್ಟು ದವಡೆಗೆ ಮೂಲ ಕಣೇ, ಸುಮ್ನಿರು," ಅಂದ.

"ದವಡೆ ಹೋದ್ರೆ ಹೋಗ್ಲಿ ಬಿಡ್ರಿ. ಇದ್ದು ತಾನೇ ಏನು, ಅಗಿಯೋಕೆ ಏನಿದೆ ಮನೇಲಿ?"

ಅವನು ಗೋಡೆ ಕಡೆ ತಿರುಗಿದ. ಸೊಂಟ ತಿರುಗಲಿಲ್ಲ, ಕತ್ತು ಮಾತ್ರ ತಿರುಗಿತು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮುದಿ ಪೇದೆ ಬೆವರು ಸುರಿಸುತ್ತ ಮನೆ ಬಾಗಿಲಿಗೆ ಬಂದ. ಸಾಹೇಬರು ಕರೀತಿದಾರಮ್ಮ, ತುರ್ತು ಅಂದ. ದಾರಿಯಲ್ಲಿ ಕತೆ ಬಿಚ್ಚಿಕೊಂಡಿತು. ಉದ್ಘಾಟನೆಗೆ ಬರುವ ದೊಡ್ಡ ಸಾಹೇಬರಿಗೆ ಒಂದು ಶೋಕಿ. ಎಲ್ಲೇ ಹೋಗಲಿ, ತಮ್ಮದೇ ಬೆಳ್ಳಿ ಹಿಡಿಕೆಯ ಕತ್ತರಿಯನ್ನು ಮುಂಚೆ ಕಳಿಸುತ್ತಾರೆ, ಬೇರೆಯದು ಮುಟ್ಟುವುದಿಲ್ಲ. ಆ ಕತ್ತರಿ ನಿನ್ನೆಯೇ ಠಾಣೆಗೆ ಬಂದಿತ್ತು. ಬೆಳಗ್ಗೆ ಅಲಂಕಾರದ ದೀಪ ಕಟ್ಟುವಾಗ ಕೈಗೆ ಬೇರೇನೂ ಸಿಗದೆ ನಮ್ಮ ಸಾಹೇಬ ಅದರಲ್ಲೇ ತಂತಿ ಕತ್ತರಿಸಿದ. ಅಲಗಿನ ಬಾಯಿ ಎರಡು ಕಡೆ ಕಚ್ಚು ಬಿದ್ದು ಹಲ್ಲಾಗಿದೆ. ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಬರುತ್ತಾರೆ. ಅವಳು ನಡುದಾರಿಯಲ್ಲಿ ನಿಂತು ಒಂದು ಸಲ ಉಸಿರು ಎಳೆದುಕೊಂಡಳು. ಆಮೇಲೆ ದರ್ಜಿಯ ಅಂಗಡಿಗೆ ಹೋಗಿ ಅವನ ಮೊಂಡು ಕತ್ತರಿ ಕೇಳಿ ಚೀಲಕ್ಕೆ ಹಾಕಿಕೊಂಡಳು. ಹೇಗೂ ಕಲ್ಲು ಸಿಗುತ್ತದೆ, ನಿನ್ನದೂ ಆಗಲಿ ಅಂದಳು.

ಹಿತ್ತಲಲ್ಲಿ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಅವಳದನ್ನು ಎಳೆದು ನಿಲ್ಲಿಸಿದ್ದರು. ಕಲ್ಲಿನ ಮೇಲೆ ಹಕ್ಕಿ ಹಿಕ್ಕೆ. ಸೆರಗಿನಿಂದ ಒರೆಸಿದಳು. ಸೊಂಟದಿಂದ ಬೆಲ್ಟು ಬಿಚ್ಚಿ ಹಾಕಿದಳು. ಸೀಟಿನ ಮೇಲೆ ಕೂತಳು. ಕೂತು ಕೈಕಟ್ಟಿಕೊಂಡಳು.

"ತುಳಿ," ಅಂದ ಸಾಹೇಬ.

"ತುಳಿಯಲ್ಲ. ತುಳಿದ್ರೆ ಸವಾರಿ ಅಂತ ನೀವೇ ಬರೆಸಿದ್ದೀರಿ. ನನ್ನ ಸವಾರಿ ಅಮಾನತಾಗಿದೆ. ತಲೆಗೆ ಹೆಲ್ಮೆಟ್ಟೂ ಇಲ್ಲ."

ಸಾಹೇಬ ಮೊದಲು ಗದರಿದ. ಆಮೇಲೆ ನಕ್ಕ. ಆಮೇಲೆ ಗಡಿಯಾರ ನೋಡಿದ. ಏನು ಬೇಕು ನಿನಗೆ ಅಂದ. ಸ್ಟ್ಯಾಂಡ್ ಹಾಕಿದ ಸೈಕಲ್ ವಾಹನ ಅಲ್ಲ, ಅದನ್ನ ತುಳಿಯೋದು ಸವಾರಿ ಅಲ್ಲ ಅಂತ ಬರೆದುಕೊಡಿ, ಮೊಹರು ಹಾಕಿ ಅಂದಳು. ಇವಳು ಬುದ್ಧಿ ಕಲಿಸೋಕೆ ಬಂದಳು ನೋಡು ಅಂತ ಪೇದೆಯ ಕಡೆ ನೋಡಿದ ಸಾಹೇಬ. ಪೇದೆ ನೆಲ ನೋಡುತ್ತಿದ್ದ. ಒಂದು ಗಂಟೆ ಹೊಡೆಯಿತು. ಅವಳು ಕೈ ಬಿಚ್ಚಲಿಲ್ಲ. ಸಾಹೇಬ ಒಳಗೆ ಹೋಗಿ ಬರೆದು, ಮೊಹರು ಒತ್ತಿ, ಅವಳ ಮಡಿಲಿಗೆ ಎಸೆದ. ನಾಳೆ ಲಾರಿ ಬಂದ ಮೇಲೆ ಇವಳ ಚೀಟಿಯನ್ನ ಯಾರು ಕೇಳುತ್ತಾರೆ ಅಂತ ಅವನ ಲೆಕ್ಕ. ಅವಳು ಪೇದೆಯಿಂದ ಅದನ್ನು ಎರಡು ಸಲ ಓದಿಸಿದಳು. ಎರಡನೇ ಸಲ ಒಂದೊಂದೇ ಪದಕ್ಕೆ ಬೆರಳಿಟ್ಟುಕೊಂಡು ಕೇಳಿದಳು. ರವಿಕೆಯೊಳಗೆ ಇಟ್ಟುಕೊಂಡಳು. ಆಮೇಲೆ ತುಳಿದಳು.

ಇಪ್ಪತ್ತೆರಡು ದಿನದ ಮೇಲೆ ಕಲ್ಲು ತಿರುಗಿತು. ಕಿಡಿ ಎದ್ದಿತು. ಮೊದಲು ಬೆಳ್ಳಿ ಕತ್ತರಿಯ ಹೊರಮೈ ಹಿಡಿದಳು, ತಂತಿ ಕಚ್ಚಿದ ಹಲ್ಲುಗಳನ್ನೆಲ್ಲ ಇಳಿಸಿ ಸಮ ಮಾಡಿದಳು. ಅಲ್ಲಿಗೆ ಕೆಲಸ ಮುಗಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ರೇಷ್ಮೆಯನ್ನೂ ಕತ್ತರಿಸುತ್ತಿತ್ತು. ಅವಳ ಕೈ ಒಂದು ಗಳಿಗೆ ತಡೆಯಿತು. ಮಾವ ಮುಟ್ಟಿಲ್ಲ, ಗಂಡ ಮುಟ್ಟಿಲ್ಲ.

ಅಲಗನ್ನು ಮಗುಚಿ ಒಳಮೈಯನ್ನು ಕಲ್ಲಿಗೆ ಒತ್ತಿದಳು. ಎದುರು ದಿಕ್ಕಿನ ಸವಾರಿಗೆ ಒಂದು. ಹೆಲ್ಮೆಟ್ಟಿಗೆ ಒಂದು. ಹ್ಯಾಂಡಲ್ ಬಿಟ್ಟದ್ದಕ್ಕೆ ಒಂದು. ಮೂರು ಸಲ, ಬುಡದಿಂದ ತುದಿಯವರೆಗೆ, ಎರಡೂ ಅಲಗಿಗೆ. ಕಲ್ಲು ಬೇರೆ ಸದ್ದು ಮಾಡಿತು. ಆ ಸದ್ದು ಏನೆಂದು ಆ ಹಿತ್ತಲಲ್ಲಿ ಅವಳೊಬ್ಬಳಿಗೇ ಗೊತ್ತು.

ಸಾಹೇಬ ಕತ್ತರಿ ಎತ್ತಿ ಹಿಡಿದ. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಪೇದೆಯ ಪುಸ್ತಕದಿಂದ ಒಂದು ದಂಡದ ಚೀಟಿ ಹರಿದು ಕತ್ತರಿಸಿ ನೋಡಿದ. ಚೀಟಿ ಕಚಕಚ ಎರಡಾಯಿತು. ಭೇಷ್ ಅಂದ. ಅವಳು ದರ್ಜಿಯ ಕತ್ತರಿ ತೆಗೆದು, ಸಾಹೇಬನ ಕಣ್ಣೆದುರಿಗೇ, ಹೊರಮೈ ಮಾತ್ರ ಹಿಡಿದು, ಮುತ್ತಿನಂತೆ ಸಾಣೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಅವಳು ಇಳಿದ ಕೂಡಲೇ ಸೈಕಲ್ಲಿಗೆ ಮತ್ತೆ ಬೀಗ ಬಿತ್ತು.

ನಾಲ್ಕು ಗಂಟೆಗೆ ಜನ ಸೇರಿದ್ದರು. ಕುರ್ಚಿ, ಮೈಕು, ಬಾಗಿಲಿಗೆ ಅಡ್ಡ ಕೆಂಪು ಸ್ಯಾಟಿನ್ ಪಟ್ಟಿ, ಮೇಲೆ 'ಒಂದೇ ರಸ್ತೆ, ಒಂದೇ ಕಾನೂನು'. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಈಚೆ ಸೈಕಲ್ ಕಳೆದುಕೊಂಡವರೆಲ್ಲ ಇದ್ದರು. ದರ್ಜಿಯೂ ಬಂದಿದ್ದ. ದೊಡ್ಡ ಸಾಹೇಬರು ದಪ್ಪ ಆಳು. ರಸ್ತೆಯಲ್ಲಿ ದೊಡ್ಡವ ಚಿಕ್ಕವ ಇಲ್ಲ ಅಂತ ಮೈಕಿನಲ್ಲಿ ಹೇಳಿ, ಫೋಟೋದವರ ಕಡೆ ತಿರುಗಿ, ಬೆಳ್ಳಿ ಕತ್ತರಿಯ ಬಾಯಿಗೆ ಪಟ್ಟಿ ಕೊಟ್ಟು ಅಮುಕಿದರು.

ಪಟ್ಟಿ ಮಡಚಿಕೊಂಡಿತು.

ನಗುತ್ತಲೇ ಇನ್ನೊಂದು ಸಲ ಅಮುಕಿದರು. ಮತ್ತೆ ಮಡಚಿಕೊಂಡಿತು. ಮೂರನೇ ಸಲ ಎರಡೂ ಕೈ ಹಾಕಿ ಅಮುಕಿದರು, ಕತ್ತರಿ ಪಟ್ಟಿಯನ್ನು ಕಚ್ಚಿಕೊಂಡು ಬಿಡಲೊಲ್ಲದು. ಎಳೆದರೆ ಪಟ್ಟಿ ಕಟ್ಟಿದ್ದ ಕಂಬವೇ ವಾಲಿತು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಹಾಲಿನವನು ನಕ್ಕ. ಆಮೇಲೆ ಹಗ್ಗದ ಈಚೆಯ ಅಷ್ಟೂ ಜನ ನಕ್ಕರು. ಈ ನಗು ಅವಳ ಕಿವಿಗೆ ಹಿತವಾಗಿತ್ತು. ಸುಳ್ಳು ಯಾಕೆ, ಬಹಳ ಹಿತವಾಗಿತ್ತು.

ಸಾಹೇಬ ಓಡಿ ಬಂದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಗ್ಗದ ಮೇಲೆ ಬಗ್ಗಿ, "ಇನ್ನೊಂದು ಕತ್ತರಿ ಇದೆಯಲ್ಲ ನಿನ್ನ ಹತ್ರ, ಕೊಡು," ಅಂತ ಪಿಸುಗುಟ್ಟಿದ.

ಅವಳು ಪಿಸುಗುಟ್ಟಲಿಲ್ಲ.

"ಇದೆ. ಕೊಡಲ್ಲ."

"ನಾಳೆ ಲಾರಿ ಬರುತ್ತೆ. ನಿನ್ನ ಸೈಕಲ್ಲೇ ಮೊದಲು ಹೋಗೋದು."

"ಕೈಲಿರೋ ಕತ್ತರಿ ತಪ್ಪು ಮಾಡಿದೆ ಸಾಹೇಬ್ರೇ. ಮೂರು ಸಲ ಮಾಡಿದೆ, ಊರೆಲ್ಲ ನೋಡ್ತು. ಒಂದೇ ಕಾನೂನಲ್ವಾ? ಮೂರು ತಿಂಗಳು ಕತ್ತರಿಗೂ ಅಮಾನತು. ಆಮೇಲೆ ಬನ್ನಿ, ನೋಡೋಣ."

ನಗು ನಿಂತಿತು. ದೊಡ್ಡ ಸಾಹೇಬರು ಯಾರದು ಅಂತ ಕೇಳಿದರು. ಅವಳು ರವಿಕೆಯಿಂದ ಚೀಟಿ ತೆಗೆದು ದರ್ಜಿಯ ಕೈಗಿಟ್ಟಳು. ದರ್ಜಿಯ ಗಂಟಲು ದೊಡ್ಡದು. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ ವಾಹನವಲ್ಲ ಎಂದು ಈ ಮೂಲಕ ತಿಳಿಸಲಾಗಿದೆ ಅಂತ ಓದಿದ. ಸಹಿ ಓದಿದ. ಮೊಹರು ಓದಿದ. ತಾರೀಖೂ ಓದಿದ. "ಹಾಗಾದ್ರೆ ಗೇಟಿನ ಮುಂದೆ ನಿಲ್ಲಿಸಿದ್ದ ನನ್ನ ಸೈಕಲ್ಲು?" ಅಂತ ಹಾಲಿನವನು ಕೂಗಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಹಗ್ಗ ಮುಂದಕ್ಕೆ ಜಗ್ಗತೊಡಗಿತು.

ದೊಡ್ಡ ಸಾಹೇಬರು ಅಲ್ಲಿ ನಿಲ್ಲಲಾರದೆ ಬಗ್ಗಿದರು. ಸೊಂಟ ಬಗ್ಗಿಸಿ, ಟೋಪಿ ಕೈಯಲ್ಲಿ ಹಿಡಿದು, ಕೆಂಪು ಪಟ್ಟಿಯ ಕೆಳಗೆ ನುಸುಳಿ ಒಳಗೆ ಹೋದರು. ಹೋಗುವಾಗ ನನ್ನ ಕತ್ತರಿಗೆ ಏನು ಮಾಡಿದ್ದೀರಿ ಅಂತ ಕೇಳಿದ್ದು ಹತ್ತಿರದವರಿಗೆಲ್ಲ ಕೇಳಿಸಿತು. ಸಾಹೇಬ ಬಾಯಿ ಬಿಡಲಿಲ್ಲ. ಹೇಗೆ ಬಿಡುತ್ತಾನೆ? ಅವಳ ಹೆಸರು ಹೇಳಬೇಕಾದರೆ ಮೊದಲು ತಂತಿಯ ಕತೆ ಹೇಳಬೇಕು.

ಮೊಹರು ಇರುವ ಕಾಗದಕ್ಕೆ ಪೇದೆ ಇಡೀ ಜನ್ಮ ಸೆಲ್ಯೂಟ್ ಹೊಡೆದವನು. ಐದು ಗಂಟೆಗೆ ಹಿತ್ತಲ ಬೀಗ ತೆಗೆದ. ಲಾರಿ ನಾಳೆಯಲ್ಲವಾ, ನಾನು ಕಂಡದ್ದು ಇವತ್ತಿನ ಚೀಟಿ ಅಂದ. ಅವಳು ಸೈಕಲ್ಲು ಎಳೆದುಕೊಂಡು ಹೊರಗೆ ಬರುವಾಗ ದರ್ಜಿ ಚೀಟಿಯ ಜೆರಾಕ್ಸ್ ಹಂಚುತ್ತಿದ್ದ, ನಿಲ್ಲಿಸಿದ್ದ ಸೈಕಲ್ ಕಳೆದುಕೊಂಡವರೆಲ್ಲ ಗೇಟಿನಲ್ಲಿ ಸಾಲುಗಟ್ಟಿದ್ದರು. ಅವನ ಕತ್ತರಿಯನ್ನು ಅವನ ಕೈಗಿಟ್ಟು, ಜೋಪಾನ, ಹರಿತ ಇದೆ ಅಂದಳು.

ಮನೆಗೆ ಬಂದಾಗ ಬೆಳಕಿತ್ತು. ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಗಂಡ ನಾಲ್ಕು ವರ್ಷದಲ್ಲಿ ಮೊದಲ ಸಲ ಮಂಚ ಇಳಿದು, ಎರಡು ಕೋಲು ಊರಿಕೊಂಡು ಹೊಸ್ತಿಲಿಗೆ ಬಂದಿದ್ದ. ಸೈಕಲ್ಲು ನೋಡಲಿಲ್ಲ. ಕಲ್ಲಿನ ಮೇಲೆ ಬೆರಳಾಡಿಸಿದ, ಅವಳ ಮುಖ ನೋಡಿದ.

"ಒಳಮೈ ಮುಟ್ಟಿದೆಯಾ?"

"ಮುಟ್ಟಿದೆ."

ಕಳ್ಳಿ ಅನ್ನುತ್ತಾನೆ ಅಂತ ಅವಳು ಕಾದಳು. ಅಂದರೆ ಅನ್ನಿಸಿಕೊಳ್ಳಲು ತಯಾರಾಗಿಯೇ ಬಂದಿದ್ದಳು.

"ಎಷ್ಟು ಸಲ?"

"ಮೂರು. ಅವನು ಬರೆಸಿದ್ದು ಮೂರು ತಪ್ಪು, ನಾನು ಹಿಡಿದದ್ದು ಮೂರು ಸಲ."

ಗಂಡ ಕೋಲು ಬದಲಿಸಿಕೊಂಡ. "ಮತ್ತೆ ನನ್ನ ಸೊಂಟಕ್ಕೆ?" ಅಂದ.

ಅವಳು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು.

"ಅದಕ್ಕೇ ಕಣ್ರೀ ಇನ್ನೊಂದು ಕತ್ತರಿ ಕೊಡದೆ ಬಂದಿದ್ದು."